ದೂರದ ವೈದ್ಯರಿಗೆ ನಮ್ಮ ಮಾತು ತಿಳಿಯುವುದೆಂತು?

ಬದಿಯಡ್ಕದ ಸಮೀಪ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರ್ 30ರಂದು. ಆ ಕಲ್ಲಿನ ಮೇಲೆ ಹನ್ನೆರಡು ಮಳೆಗಾಲ ಸುರಿದ ಬಳಿಕ, 2025ರಲ್ಲಿ, 50 ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ಅನುಮತಿ ದೊರೆಯಿತು. ಜಿಲ್ಲೆಯ ಜನ ಈ ಸುದ್ದಿಯನ್ನು ಹರ್ಷದಿಂದ ಸ್ವಾಗತಿಸಿದ್ದು ಸಹಜವೇ. ಕಟ್ಟಡ ಯಾವಾಗ ಪೂರ್ತಿಯಾದೀತು, ಹಾಸಿಗೆಗಳು ಎಷ್ಟು, ತಜ್ಞರ ಹುದ್ದೆಗಳು ಭರ್ತಿಯಾಗುವುದು ಎಂದು ಎಂಬ ಚರ್ಚೆಗಳು ಈ ಪತ್ರಿಕೆಯಲ್ಲಿಯೂ ಬೇರೆಡೆಗಳಲ್ಲಿಯೂ ಧಾರಾಳವಾಗಿ ನಡೆದಿವೆ, ನಡೆಯಬೇಕಾದದ್ದೂ ಹೌದು. ಆದರೆ ಅಲ್ಲಿ ಕಲಿಯುವವರು ಏನನ್ನು ಕಲಿಯಬೇಕು ಎಂಬ ಪ್ರಶ್ನೆಯನ್ನು ನಾವು ಎತ್ತಿದ್ದು ಕಡಿಮೆ. ಪಠ್ಯಕ್ರಮವೆಂಬುದು ದೆಹಲಿಯಲ್ಲಿಯೋ ತೃಶ್ಶೂರಿನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾನಿಲಯದಲ್ಲಿಯೋ ನಿರ್ಧಾರವಾಗುವ ಸಂಗತಿ, ಅದರಲ್ಲಿ ಮೂಗು ತೂರಿಸಲು ನಾವು ಯಾರು ಎಂಬ ಸಂಕೋಚ ಇದ್ದೀತು. ಆ ಸಂಕೋಚವನ್ನು ಬದಿಗಿಡಬೇಕಾದ ಒಂದು ವಿಷಯವಿದೆ. ಅದು ದೂರವೈದ್ಯದ ತರಬೇತಿ.

ದೂರವೈದ್ಯ, ಅಥವಾ ಎಲ್ಲರ ಬಾಯಲ್ಲಿರುವಂತೆ ಟೆಲಿಮೆಡಿಸಿನ್, ನಮ್ಮ ದೇಶಕ್ಕೆ ತೀರ ಹೊಸದೇನಲ್ಲ. 2000ದ ಮಾರ್ಚ್‌ನಲ್ಲಿ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯ ಆಸ್ಪತ್ರೆಯನ್ನು ದೂರದ ತಜ್ಞರೊಂದಿಗೆ ಜೋಡಿಸುವ ಏರ್ಪಾಡನ್ನು ಆಗ ಭಾರತಕ್ಕೆ ಬಂದಿದ್ದ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಉದ್ಘಾಟಿಸಿದ್ದರು. 2002ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲ್ಪಟ್ಟಿತು. ಅವೆಲ್ಲ ಪ್ರದರ್ಶನಕ್ಕೆ ಚೆನ್ನಾಗಿದ್ದ, ಆದರೆ ಸಾಮಾನ್ಯ ರೋಗಿಯ ಕೈಗೆ ಎಟುಕದ ಪ್ರಯೋಗಗಳಾಗಿದ್ದವು. ಪರಿಸ್ಥಿತಿ ಬದಲಾದದ್ದು 2019ರ ನವೆಂಬರ್ ತರುವಾಯ. ಮೊಹಾಲಿಯ ಸಿ-ಡ್ಯಾಕ್ ರೂಪಿಸಿದ ಇ-ಸಂಜೀವನಿ ವ್ಯವಸ್ಥೆಯ ಮೂಲಕ ಉಪಕೇಂದ್ರದ ಆರೋಗ್ಯ ಕಾರ್ಯಕರ್ತರು ದೊಡ್ಡ ಆಸ್ಪತ್ರೆಯ ವೈದ್ಯರನ್ನು ಪರದೆಯ ಮೇಲೆ ಕಾಣುವಂತಾಯಿತು. 2020ರ ಏಪ್ರಿಲ್‌ನಲ್ಲಿ ರೋಗಿ ತನ್ನ ಮನೆಯಿಂದಲೇ ಮೊಬೈಲಿನಲ್ಲಿ ವೈದ್ಯರನ್ನು ಕಾಣುವ ಸೌಕರ್ಯ ಬಂತು. ಕೇರಳದಲ್ಲಿ ಅದು ಅದೇ ವರ್ಷದ ಜೂನ್‌ನಲ್ಲಿ ಆರಂಭವಾಯಿತು. 2023ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ ಇಂಥ ಸಮಾಲೋಚನೆಗಳ ಸಂಖ್ಯೆ 10 ಕೋಟಿಯನ್ನು ದಾಟಿತು. ಅಂದ ಮೇಲೆ ಇದು ಯಾವನೋ ಯಂತ್ರಪ್ರಿಯನ ಹವ್ಯಾಸವಾಗಿ ಉಳಿದಿಲ್ಲ.

ಇಷ್ಟು ದೊಡ್ಡ ಕೆಲಸಕ್ಕೆ ಕಲಿಕೆ ಹೇಗೆ ನಡೆದಿದೆ? 2020ರ ಮಾರ್ಚ್ 25ರಂದು ಹೊರಬಿದ್ದ ದೂರವೈದ್ಯದ ಮಾರ್ಗಸೂಚಿಯಲ್ಲಿ, ಹೀಗೆ ಚಿಕಿತ್ಸೆ ಕೊಡಬಯಸುವ ವೈದ್ಯರೆಲ್ಲರೂ ಒಂದು ಕಡ್ಡಾಯ ಶಿಕ್ಷಣಕ್ರಮವನ್ನು, ಅದು ಪ್ರಕಟವಾದ ಮೂರು ವರ್ಷಗಳೊಳಗೆ, ಮುಗಿಸತಕ್ಕದ್ದು ಎಂದಿದೆ. ಮಾರ್ಗಸೂಚಿ ವಾಸ್ತವವಾಗಿ ಒಳ್ಳೆಯ ದಾಖಲೆ. ಯಾವ ಮದ್ದನ್ನು ಬರಿಯ ಮಾತು ಕೇಳಿ ಬರೆಯಬಹುದು, ಯಾವುದನ್ನು ಮುಖ ಕಂಡೇ ಬರೆಯಬೇಕು, ಯಾವುದನ್ನು ಹಿಂದೆ ನೇರವಾಗಿ ಪರೀಕ್ಷಿಸಿದ ರೋಗಿಗೆ ಮಾತ್ರ ಮುಂದುವರಿಸಬಹುದು, ಯಾವುದನ್ನು ಏನೇ ಆದರೂ ಬರೆಯಕೂಡದು ಎಂದು ಅದು ಪಟ್ಟಿ ಮಾಡಿದೆ. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭದಲ್ಲಿ ಪ್ರಥಮ ಚಿಕಿತ್ಸೆಯ ಸಲಹೆ ಕೊಟ್ಟು ರೋಗಿಯನ್ನು ಆಸ್ಪತ್ರೆಗೆ ಕಳುಹಿಸಬೇಕೆಂದೂ ವಿಧಿಸಿದೆ. 2023ರ ಆಗಸ್ಟ್‌ನಲ್ಲಿ ವೈದ್ಯಕೀಯ ಆಯೋಗ ಹೊಸ ನಡತೆ ನಿಯಮಗಳನ್ನು ಪ್ರಕಟಿಸಿ, ದೂರವೈದ್ಯವನ್ನೂ ಅವುಗಳಲ್ಲಿ ಸೇರಿಸಿತ್ತು. ಅದೇ ತಿಂಗಳು ಆ ನಿಯಮಗಳನ್ನೇ ತಡೆಹಿಡಿಯಲಾಯಿತು. ಹೀಗೆ ಕಾಗದಗಳು ಬರುತ್ತಿವೆ, ಹೋಗುತ್ತಿವೆ. ಪರದೆಯ ಮುಂದೆ ಕುಳಿತ ಯುವ ವೈದ್ಯನಾದರೋ ಬಹುಪಾಲು ತನ್ನ ಬುದ್ಧಿಯನ್ನೇ ನೆಚ್ಚಿ ಕೆಲಸ ಮಾಡಬೇಕಾಗಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ದೂರವೈದ್ಯದ ತರಬೇತಿಯೆಂದರೆ ಯಂತ್ರದ ಗುಂಡಿಗಳನ್ನು ಒತ್ತಲು ಕಲಿಯುವುದು ಎಂದು ಹಲವರು ಭಾವಿಸಿದಂತಿದೆ. ಗುಂಡಿ ಒತ್ತುವುದನ್ನು ನಮ್ಮ ಎಂಟನೆಯ ತರಗತಿಯ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಸಿಕೊಟ್ಟಾರು. ಕಷ್ಟವಿರುವುದು ಬೇರೆ ಕಡೆ. ವೈದ್ಯರೆಂದರೆ ನಾಡಿ ಹಿಡಿದು, ಹೊಟ್ಟೆ ಒತ್ತಿ, ಎದೆಗೆ ಕೊಳವೆಯಿಟ್ಟು ಕೇಳಿ, ಆ ಬಳಿಕ ನಿರ್ಣಯಕ್ಕೆ ಬರುವವರು. ಪರದೆಯಲ್ಲಿ ಈ ಮೂರೂ ಇಲ್ಲ. ಉಳಿಯುವುದು ಕಣ್ಣಿಗೆ ಕಾಣುವ ಒಂದು ಮಸುಕು ಮುಖ, ಮತ್ತು ಮಾತು. ಕೈ ಮಾಡಬೇಕಾದ ಕೆಲಸವನ್ನೆಲ್ಲ ಪ್ರಶ್ನೆ ಮಾಡಬೇಕು. ಎಲ್ಲಿ ನೋವು, ಅದು ಚುಚ್ಚುವುದೋ ಹಿಂಡುವುದೋ, ಬಂದದ್ದು ಉಂಡ ಮೇಲೋ ಹತ್ತಿದ ಮೇಲೋ, ಬೆವರಿತೋ, ತೋಳಿಗೆ ಇಳಿಯಿತೋ ಎಂದು ಒಂದೊಂದಾಗಿ ಕೇಳಿ ಬಿಡಿಸಿಕೊಳ್ಳಬೇಕು. ಎದೆ ಭಾರವಾದಾಗ 'ಎಂಥದೋ ವಾಯು' ಎಂದು ಸುಮ್ಮನಿರುವುದು ನಮ್ಮ ಕಡೆಯ ಹಿರಿಯರ ವಾಡಿಕೆ. ಆ ವಾಯುವಿನ ಹಿಂದೆ ಹೃದಯಾಘಾತ ಅಡಗಿರಬಹುದೆಂದು ಸಂಶಯಪಟ್ಟು ಮುಂದಿನ ಪ್ರಶ್ನೆ ಕೇಳಲು ವೈದ್ಯರಿಗೆ 'ವಾಯು' ಎಂಬ ಮಾತಿನ ಒಳಹೊರಗು ತಿಳಿದಿರಬೇಕು. ಹೀಗಾಗಿ ದೂರವೈದ್ಯದಲ್ಲಿ ಭಾಷೆಯೆಂಬುದು ಸೌಜನ್ಯದ ವಿಷಯವಾಗಿ ಉಳಿಯದೆ ಉಪಕರಣವೇ ಆಗಿಬಿಡುತ್ತದೆ. ಎದುರಿಗೆ ಕುಳಿತ ವೈದ್ಯರಿಗೆ ಮಾತು ತಿಳಿಯದಿದ್ದರೂ ರೋಗಿ ಎದೆ ಮುಟ್ಟಿ ತೋರಿಸಬಲ್ಲ. ವೈದ್ಯರು ಒತ್ತಿ ನೋಡಬಲ್ಲರು. ಫೋನಿನಲ್ಲಿ ಮಾತು ತಪ್ಪಿದರೆ ಎಲ್ಲವೂ ತಪ್ಪಿತು.

ಕನ್ನಡಕ್ಕೂ ಮಲಯಾಳಕ್ಕೂ ಬಹು ಸಮೀಪದ ನಂಟು, ಆದ್ದರಿಂದ ಒಬ್ಬರ ಮಾತು ಒಬ್ಬರಿಗೆ ಹೇಗೂ ತಿಳಿದೀತು ಎಂದು ಹೇಳುವವರಿದ್ದಾರೆ. ಅಪಾಯವಿರುವುದು ಈ ಸಾಮೀಪ್ಯದಲ್ಲಿಯೇ. ಒಬ್ಬ ತಾಯಿ 'ಮುಟ್ಟಿನ ನೋವು' ಎಂದಳೆನ್ನಿ. ಕನ್ನಡದಲ್ಲಿ ಅದು ತಿಂಗಳ ಮುಟ್ಟು. ಮಲಯಾಳದಲ್ಲಿ ಮುಟ್ಟು ಎಂದರೆ ಮೊಣಕಾಲು. ಮಲಯಾಳ ಮಾತ್ರ ಬಲ್ಲ ವೈದ್ಯರು ಕಿವಿಗೊಟ್ಟು ಕೇಳಿ, ಪ್ರಾಮಾಣಿಕವಾಗಿ ಅರ್ಥಮಾಡಿಕೊಂಡು, ಕಾಲುನೋವಿಗೆ ಮಾತ್ರೆ ಬರೆದುಕೊಟ್ಟರೆ ಅವರನ್ನು ದೂರುವಂತಿಲ್ಲ. ತಮಗೆ ತಿಳಿಯಲಿಲ್ಲವೆಂಬುದೇ ಅವರಿಗೆ ತಿಳಿದಿರುವುದಿಲ್ಲ. ಮಲಯಾಳದ 'ಪನಿ' ಜ್ವರ, ತುಳುವಿನ 'ಪನಿ' ತುಂತುರು ಮಳೆ. ಪೂರ್ತಿ ಅಪರಿಚಿತ ಭಾಷೆಯಾಗಿದ್ದರೆ ವೈದ್ಯರು ಕೂಡಲೇ ದುಭಾಷಿಯನ್ನು ಕರೆಸಿಕೊಳ್ಳುತ್ತಿದ್ದರು. ಅರ್ಧ ತಿಳಿದಂತಾಗುವ ಭಾಷೆ ಅದಕ್ಕೂ ಅವಕಾಶ ಕೊಡುವುದಿಲ್ಲ.

ದುಭಾಷಿಗಳು ಇಲ್ಲದಿಲ್ಲ. ಈ ಜಿಲ್ಲೆಯ ಆಸ್ಪತ್ರೆಗಳ ದುಭಾಷಿಗಳು ಯಾರೆಂದು ಕನ್ನಡ ಶಾಲೆಗಳ ಅಧ್ಯಾಪಕರಾದ ನಮಗೆ ಚೆನ್ನಾಗಿ ಗೊತ್ತು. 'ಅಜ್ಜಿಯ ಜತೆ ಆಸ್ಪತ್ರೆಗೆ ಹೋಗಲಿಕ್ಕಿದೆ' ಎಂಬ ರಜಾ ಅರ್ಜಿಗಳು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಶಾಲೆಯಲ್ಲಿ ನಾಲ್ಕಕ್ಷರ ಮಲಯಾಳ ಕಲಿತ ಹುಡುಗ ಮನೆಯವರಿಗೆಲ್ಲ ಬಾಯಿಯಾಗುತ್ತಾನೆ. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಗಳಿಗೆ ಇದು ಹೇಗೋ ಸಾಗುತ್ತದೆ. ಆದರೆ ಮೇಲೆ ಹೇಳಿದ ಮುಟ್ಟಿನ ವಿಷಯವನ್ನು ಒಬ್ಬ ತಾಯಿ ಹದಿಮೂರು ವರ್ಷದ ಮಗನ ಮೂಲಕ ಹೇಳಿಸಿಯಾಳೇ? ಹೇಳಿಸುವುದಿಲ್ಲ; ತಲೆನೋವೆಂದು ಹೇಳಿ ಬರುತ್ತಾಳೆ. ಮನಸ್ಸಿನ ಕಾಯಿಲೆ, ಕುಡಿತ, ಮನೆಯೊಳಗಿನ ಹೊಡೆತ ಇವೆಲ್ಲ ಹೀಗೆಯೇ ಹೇಳದೆ ಉಳಿಯುವ ಸಂಗತಿಗಳು.

ನಮ್ಮ ಸಂಖ್ಯೆ ಅತ್ಯಲ್ಪವೆಂಬ ಮಾತು ಆಗಾಗ ಕೇಳಿಬರುತ್ತದೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 13,07,375. ಮಾತೃಭಾಷೆ ಕನ್ನಡವೆಂದು ಬರೆಸಿದವರು ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು, ತುಳು ಎಂದವರು ನೂರಕ್ಕೆ ಒಂಬತ್ತರ ಹತ್ತಿರ. ಈ ಅಂಕಿಗಳನ್ನು ಓದುವಾಗ ಎರಡು ವಿಷಯ ಲಕ್ಷ್ಯದಲ್ಲಿರಬೇಕು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಮರಾಟಿಯನ್ನೋ ಆಡುವ ಬಹಳ ಮಂದಿಗೆ ಓದು ಬರಹದ, ಪಂಚಾಯತಿನ, ಪತ್ರಿಕೆಯ ಭಾಷೆ ಕನ್ನಡವೇ. ಎರಡನೆಯದಾಗಿ, ಈ ಜನ ಜಿಲ್ಲೆಯುದ್ದಕ್ಕೂ ಹರಡಿಕೊಂಡಿಲ್ಲ. ಮಂಜೇಶ್ವರ, ಪೈವಳಿಕೆ, ವರ್ಕಾಡಿ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು ಮೊದಲಾದ ಬಡಗಣ ಹಾಗೂ ಮೂಡಣ ಪಂಚಾಯತುಗಳಲ್ಲಿ ಒತ್ತಾಗಿದ್ದಾರೆ. ತಜ್ಞ ವೈದ್ಯರು ದೂರವಿರುವುದೂ, ದೂರವೈದ್ಯದ ಅಗತ್ಯ ಹೆಚ್ಚಿರುವುದೂ ಇಲ್ಲಿಯೇ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳಲ್ಲಿ ಇನ್ನೊಂದು ಹೊರೆಯೂ ಇದೆ. ಗೇರು ತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಬಿಟ್ಟುಹೋದ ಸಂಕಟದಲ್ಲಿ, ಮಲಗಿದಲ್ಲಿಂದ ಏಳಲಾರದ ಮಕ್ಕಳು ಈಗ ಯುವಕ ಯುವತಿಯರಾಗಿದ್ದಾರೆ. ಅವರನ್ನು ಹೊತ್ತು ಗುಡ್ಡ ಇಳಿದು ಬಸ್ಸು ಹತ್ತಿಸುವ ತಾಯಂದಿರಿಗೆ ವಯಸ್ಸಾಗುತ್ತ ಬಂದಿದೆ. ಅಪಸ್ಮಾರದ ಮದ್ದಿನ ಪ್ರಮಾಣ ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂದು ಕೇಳಲು ಒಂದು ದಿನದ ಪ್ರಯಾಣ ಉಳಿದರೆ ಅದೇನು ಸಣ್ಣ ಉಪಕಾರವಲ್ಲ.

ಹಾಗಾದರೆ ಮಂಗಳೂರು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಗಡಿನಾಡಿನ ಉತ್ತರ ಭಾಗದ ಜನ ತಲೆಮಾರುಗಳಿಂದ ದೊಡ್ಡ ಕಾಯಿಲೆಗೆ ಅಲ್ಲಿಗೇ ಹೋಗುತ್ತಿದ್ದಾರೆ. ಆ ದಾರಿ ಎಷ್ಟು ನೆಚ್ಚಿಕೆಯದೆಂದು 2020ರ ಮಾರ್ಚ್ ತೋರಿಸಿಕೊಟ್ಟಿತು. ತಲಪಾಡಿ ಮುಂತಾದೆಡೆ ರಸ್ತೆಗಳನ್ನು ಮುಚ್ಚಲಾಯಿತು. ಕೆಲವೆಡೆ ಮಣ್ಣಿನ ರಾಶಿಯನ್ನೇ ಸುರಿಯಲಾಯಿತು. ಆಂಬುಲೆನ್ಸುಗಳು ಹಿಂದಿರುಗಿದವು, ಸಕಾಲದಲ್ಲಿ ಚಿಕಿತ್ಸೆ ದೊರೆಯದೆ ಕೆಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ಕೊಟ್ಟಿತು. ಎರಡೂ ರಾಜ್ಯಗಳು ಒಂದು ಏರ್ಪಾಡಿಗೆ ಬಂದಿವೆಯೆಂದು ಸುಪ್ರೀಂ ಕೋರ್ಟಿಗೆ ತಿಳಿಸಿದ್ದು ಏಪ್ರಿಲ್ 7ರಂದು. ವಿಚಿತ್ರವೆಂದರೆ, ರಸ್ತೆಗೆ ಮಣ್ಣು ಬಿದ್ದ ಆ ದಿನಗಳಲ್ಲಿಯೇ ಮೇಲೆ ಹೇಳಿದ ಮಾರ್ಗಸೂಚಿಯೂ ಹೊರಬಂದದ್ದು. ಅದರಲ್ಲಿ ನಮ್ಮಂಥ ಗಡಿಜನರು ಉರು ಹೊಡೆಯಬೇಕಾದ ಒಂದು ವಾಕ್ಯವಿದೆ: ನೋಂದಾಯಿತ ವೈದ್ಯರು ಭಾರತದ ಯಾವ ಭಾಗದ ರೋಗಿಗೂ ದೂರವೈದ್ಯದ ಮೂಲಕ ಸಲಹೆ ಕೊಡಬಹುದು ಎಂಬ ಆಶಯದ್ದು. ಅಂದರೆ ಮಣ್ಣಿನ ರಾಶಿ ತಡೆಯಲಾಗದ ಒಂದು ದಾರಿ ಕಾನೂನಿನಲ್ಲಿಯೇ ಇದೆ. ಆದರೆ ಸರಕಾರಿ ಇ-ಸಂಜೀವನಿಯ ಹೊರರೋಗಿ ವಿಭಾಗಗಳು ಆರಂಭವಾದದ್ದು ರಾಜ್ಯವಾರಾಗಿ. ಕನ್ನಡ ಬಲ್ಲ ಕರ್ನಾಟಕದ ಸರಕಾರಿ ವೈದ್ಯರ ಒಂದು ಸರದಿಯನ್ನು ಕಾಸರಗೋಡಿನವರಿಗೂ ತೆರೆದಿಡುವ ಬಗ್ಗೆ ಎರಡು ಸರಕಾರಗಳು ಕುಳಿತು ಮಾತಾಡಿದರೆ ಯಾರ ಗಡಿಯೂ ಒಂದಂಗುಲ ಕದಲದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳ್ತನದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿಯಲ್ಲಿ (ಸಂಖ್ಯೆ 14416) ಕರೆ ಮಾಡಿದವರು ಕನ್ನಡವೂ ಸೇರಿದಂತೆ ತಮ್ಮ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ. ಮನಸ್ಸಿಗೆ ಸಾಧ್ಯವಾದದ್ದು ದೇಹಕ್ಕೆ ಯಾಕೆ ಸಾಧ್ಯವಾಗಬಾರದು?

ಈಗ ಮತ್ತೆ ತರಬೇತಿಯ ವಿಷಯಕ್ಕೆ ಬರೋಣ. ದೂರದ ವೈದ್ಯರು ಒಂದು ತುದಿ. ಇನ್ನೊಂದು ತುದಿಯಲ್ಲಿ, ರೋಗಿಯ ಪಕ್ಕದಲ್ಲಿ, ಯಾರಿದ್ದಾರೆ ಎಂಬುದು ಅಷ್ಟೇ ಮುಖ್ಯ. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತಲೂ ಮುಖ್ಯ. ಇದಕ್ಕೆ ತೀರ ದೂರದ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಅಮೆರಿಕದ ಉತ್ತರದ ಕೊನೆಯಲ್ಲಿರುವ ಅಲಾಸ್ಕಾದಲ್ಲಿ ರಸ್ತೆಯೇ ಇಲ್ಲದ, ವಿಮಾನವೋ ದೋಣಿಯೋ ಹಿಮಗಾಡಿಯೋ ಮಾತ್ರ ತಲಪುವ ನೂರಾರು ಮೂಲನಿವಾಸಿ ಹಳ್ಳಿಗಳಿವೆ. ಕ್ಷಯರೋಗದ ಮದ್ದು ಹಂಚಲು 1950ರ ದಶಕದಲ್ಲಿ ಊರವರನ್ನೇ ನೇಮಿಸಿಕೊಂಡದ್ದು ಅಲ್ಲಿನ ಪದ್ಧತಿಯ ಮೂಲ. 1968ರಲ್ಲಿ ಅದು ಸರಕಾರದ ಹಣಕಾಸಿನೊಂದಿಗೆ ಕ್ರಮಬದ್ಧ ಕಾರ್ಯಕ್ರಮವಾಯಿತು. ಆರೋಗ್ಯ ಸಹಾಯಕಿ ಯಾರಾಗಬೇಕೆಂಬುದರಲ್ಲಿ ಹಳ್ಳಿಯದೇ ಮಾತು. ಹಾಗೆ ಬಂದವಳು ಪಟ್ಟಣದ ತರಬೇತಿ ಕೇಂದ್ರದಲ್ಲಿ ಮೂರು ನಾಲ್ಕು ವಾರಗಳ ಒಂದು ಹಂತ ಕಲಿತು, ಊರಿಗೆ ಹಿಂದಿರುಗಿ ಕೆಲಸ ಮಾಡಿ, ಮತ್ತೆ ಮುಂದಿನ ಹಂತಕ್ಕೆ ಹೋಗುವಳು. ಹೀಗೆ ನಾಲ್ಕು ಹಂತ. ಅವಳ ಮೇಜಿನ ಮೇಲೆ ಒಂದು ಕೈಪಿಡಿ. ಇಂಥ ದೂರಿಗೆ ಇಂಥ ಪ್ರಶ್ನೆ ಕೇಳು, ಇದನ್ನು ಅಳೆ, ಇದು ಕಂಡರೆ ವೈದ್ಯರಿಗೆ ತಿಳಿಸು ಎಂದು ಮೆಟ್ಟಲು ಮೆಟ್ಟಲಾಗಿ ಅದರಲ್ಲಿ ಬರೆದಿರುತ್ತದೆ. ದಿನದ ಒಂದು ಗೊತ್ತಾದ ಹೊತ್ತಿಗೆ ಆಸ್ಪತ್ರೆಯ ವೈದ್ಯರು ರೇಡಿಯೋದಲ್ಲಿ ಸಿಗುತ್ತಿದ್ದರು. (ಆ ರೇಡಿಯೋವನ್ನು ಸುತ್ತಲಿನ ಹಳ್ಳಿಗಳವರೆಲ್ಲ ಕೇಳಬಹುದಾಗಿತ್ತು, ಯಾರಿಗೆ ಯಾವ ಕಾಯಿಲೆಯೆಂಬುದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ನಮ್ಮ ಆಸ್ಪತ್ರೆಗಳ ಸಾಲಿನಲ್ಲಿ ನಿಂತವರಿಗೆ ಇದು ಹೊಸದಾಗಿ ಕಾಣಲಾರದು.) 1971ರಲ್ಲಿ ಕೆಲವು ಹಳ್ಳಿಗಳಿಗೆ ಉಪಗ್ರಹದ ಮೂಲಕ ಮಾತಾಡುವ ಸೌಕರ್ಯ ಬಂತು. ತಂತಿ ಬದಲಾಯಿತು, ಯಂತ್ರ ಬದಲಾಯಿತು. ಕಾರ್ಯಕ್ರಮ ಇಂದಿಗೂ ನಡೆದಿದೆ. ಯಾಕೆಂದರೆ ರೋಗಿಯ ಪಕ್ಕದಲ್ಲಿ ಕುಳಿತವಳು ಅದೇ ಊರಿನವಳು, ಅಜ್ಜಿ ಆಡುವ ಮಾತನ್ನು ಬಲ್ಲವಳು. ವೈದ್ಯರಿಗೆ ಬೇಕಾದ ಭಾಷೆಗೆ ಅದನ್ನು ತಿರುಗಿಸುವ ವಿದ್ಯೆಯನ್ನು ಅವಳಿಗೆ ಕಲಿಸಲಾಗಿತ್ತು.

ಅಮೆರಿಕದ್ದೇ ಆದ ಇನ್ನೊಂದು ಪ್ರಯೋಗ ವೈದ್ಯರ ಕಡೆಯದು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದ ಡಾ. ಸಂಜೀವ್ ಅರೋರಾ ಎಂಬ ಯಕೃತ್ ತಜ್ಞರು 2003ರಲ್ಲಿ, ಹಳ್ಳಿಯ ರೋಗಿಗಳನ್ನು ತಾವೇ ಪರದೆಯಲ್ಲಿ ನೋಡುವ ಬದಲು ಹಳ್ಳಿಯ ವೈದ್ಯರಿಗೇ ವಾರವಾರ ಪರದೆಯಲ್ಲಿ ಪಾಠ ಹೇಳತೊಡಗಿದರು. ಪಾಠವೆಂದರೆ ಭಾಷಣವಲ್ಲ, ಪ್ರತಿಯೊಬ್ಬರೂ ತಮ್ಮ ರೋಗಿಯ ಕಥೆಯನ್ನು ಮುಂದಿಡುವುದು, ಎಲ್ಲರೂ ಕೂಡಿ ಚರ್ಚಿಸುವುದು. 407 ರೋಗಿಗಳನ್ನು ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು: ವಿಶ್ವವಿದ್ಯಾನಿಲಯದಲ್ಲಿ ಹೆಪಟೈಟಿಸ್ ಸಿ ವಾಸಿಯಾದವರು ನೂರಕ್ಕೆ 57.5, ಹಳ್ಳಿಯ ವೈದ್ಯರ ಕೈಯಲ್ಲಿ ವಾಸಿಯಾದವರು ನೂರಕ್ಕೆ 58.2. ನಿಮ್ಹಾನ್ಸ್ ಈ ಮಾದರಿಯನ್ನು ನಮ್ಮ ದೇಶಕ್ಕೆ ತಂದು ಛತ್ತೀಸ್‌ಗಢದಂಥ ರಾಜ್ಯಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ರೋಗಗಳ ಚಿಕಿತ್ಸೆ ಕಲಿಸಿದೆ. ಮೂವತ್ತು ವರ್ಷ ಒಂದೇ ಊರಿನಲ್ಲಿ ಕನ್ನಡ, ತುಳು, ಮಲಯಾಳ ಮೂರರಲ್ಲೂ ರೋಗಿಗಳನ್ನು ಮಾತಾಡಿಸುತ್ತ ಬಂದ ವೈದ್ಯರು ನಮ್ಮಲ್ಲಿ ಇನ್ನೂ ಇದ್ದಾರೆ. ತಂತಿಯ ಮೂಲಕ ಅವರಿಗೆ ಹೊಸ ವಿದ್ಯೆ ಮುಟ್ಟಿಸುವುದು, ಅವರಿಂದ ಉಕ್ಕಿನಡ್ಕದ ಹುಡುಗರಿಗೆ ಊರಿನ ಮಾತು ಮುಟ್ಟಿಸುವುದು, ಎರಡೂ ಒಂದೇ ಖರ್ಚಿನಲ್ಲಿ ಆಗಬಹುದಾದ ಕೆಲಸ.

ನಮ್ಮಲ್ಲಿ ಇದಕ್ಕೆ ಬೇಕಾದ ಸಲಕರಣೆ ಇಲ್ಲವೆಂದಲ್ಲ. ಎಂಬಿಬಿಎಸ್ ಶಿಕ್ಷಣಕ್ಕೆ 2019ರಲ್ಲಿ ಜಾರಿಗೆ ಬಂದ ಹೊಸ ಕ್ರಮದಲ್ಲಿ, ಕಾಲೇಜು ಸೇರಿದ ಮೊದಲ ತಿಂಗಳ ಅಡಿಪಾಯದ ಪಾಠಗಳಲ್ಲಿ ಭಾಷೆ ಮತ್ತು ಕಂಪ್ಯೂಟರ್ ಕೌಶಲಕ್ಕೆಂದು 40 ಗಂಟೆಗಳನ್ನು ತೆಗೆದಿರಿಸಲಾಗಿತ್ತು. ಸ್ಥಳೀಯ ಭಾಷೆ ಅದರಲ್ಲಿ ಸೇರಿತ್ತು. ಗಂಟೆಗಳ ಲೆಕ್ಕ ಆಮೇಲೆ ಬದಲಾದರೂ ತತ್ವ ಹಾಗೆಯೇ ಇದೆ. ಕೇರಳದ ಉಳಿದ ಕಾಲೇಜುಗಳಲ್ಲಿ ಸ್ಥಳೀಯ ಭಾಷೆಯೆಂದರೆ ಮಲಯಾಳ ಎಂಬುದರಲ್ಲಿ ವಾದವಿಲ್ಲ. ಉಕ್ಕಿನಡ್ಕದ ಕಾಲೇಜಿನ ಗೇಟಿನಿಂದ ಹೊರಗೆ ಬಂದು ಪೆರ್ಲದ ಬಸ್ಸು ಹತ್ತಿದರೆ ಕಿವಿಗೆ ಬೀಳುವ ಸ್ಥಳೀಯ ಭಾಷೆ ಯಾವುದು? ಇದನ್ನು ಪಠ್ಯಕ್ರಮದ ಅಧಿಕೃತರು ಒಮ್ಮೆ ಸ್ವತಃ ಪರೀಕ್ಷಿಸಿ ನೋಡಬಹುದು. ಮಲಯಾಳದ ಜತೆಗೆ ರೋಗಲಕ್ಷಣಗಳ ಕನ್ನಡ, ಒಂದಿಷ್ಟು ತುಳು: ಇಷ್ಟಕ್ಕೆ ಸಾಹಿತ್ಯದ ಪಾಠ ಬೇಕಿಲ್ಲ. ನಾಲ್ಕೈದು ನೂರು ಮಾತುಗಳು, ಐವತ್ತು ಪ್ರಶ್ನೆಗಳು, ಮತ್ತು 'ಮುಟ್ಟು', 'ಪನಿ'ಯಂಥ ಮೋಸದ ಜೋಡಿಗಳ ಒಂದು ಪಟ್ಟಿ ಸಾಕು. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಹಳೆಯ ಕನ್ನಡ ವಿಭಾಗವಿದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ. ಇವರಿಬ್ಬರೂ ವೈದ್ಯಕೀಯ ಕಾಲೇಜೂ ಒಂದೇ ಜಿಲ್ಲೆಯಲ್ಲಿದ್ದು ಇಂಥದೊಂದು ಕೈಪಿಡಿ ತಯಾರಾಗದಿದ್ದರೆ ಅದಕ್ಕೆ ಹಣದ ಅಭಾವವನ್ನು ಕಾರಣವಾಗಿ ಹೇಳುವಂತಿಲ್ಲ.

ದಾದಿಯರ ವಿಷಯದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಬೇಕು. 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಆರೋಗ್ಯ ಮಾಹಿತಿ ತಂತ್ರಜ್ಞಾನವೂ ಒಂದು ಪಾಠವಿಷಯ. ಉಪಕೇಂದ್ರಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಸಮುದಾಯ ಆರೋಗ್ಯ ಅಧಿಕಾರಿಯ ತರಬೇತಿಯನ್ನೂ ಪದವಿಯೊಳಗೇ ಸೇರಿಸಲಾಗಿದೆ. ಇ-ಸಂಜೀವನಿಯ ಈ ತುದಿಯಲ್ಲಿ ಕೂರುವವರು ಇವರೇ. ರಕ್ತದೊತ್ತಡ ಅಳೆಯುವವರು, ಸಕ್ಕರೆ ನೋಡುವವರು, ರೋಗಿಯ ದೂರನ್ನು ದಾಖಲಿಸುವವರು, ವೈದ್ಯರ ಚೀಟಿಯಲ್ಲಿ ಬರೆದದ್ದನ್ನು ಅಜ್ಜಿಗೆ ತಿಳಿಯ ಹೇಳುವವರು. ಇಂಥ ಹುದ್ದೆಗೆ ಬರುವವರು ದಕ್ಷಿಣ ಜಿಲ್ಲೆಗಳವರಾದರೆ ಅವರ ಯೋಗ್ಯತೆಯಲ್ಲಿ ಕೊರತೆಯಿಲ್ಲ. ಕಷ್ಟಪಟ್ಟು ಕನ್ನಡ ಕಲಿತು ಜನರ ಪ್ರೀತಿ ಗಳಿಸಿದವರನ್ನು ನಾವು ಬಲ್ಲೆವು. ಅವರು ಕಲಿಯುವ ಹೊತ್ತಿಗೆ ವರ್ಗಾವಣೆಯ ಆದೇಶ ಬರುತ್ತದೆ ಎಂಬುದೇ ತೊಂದರೆ. ಈ ಜಿಲ್ಲೆಯಲ್ಲಿ ಗುಮಾಸ್ತರ ನೇಮಕಕ್ಕೆ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರೆಂಬ ಪ್ರತ್ಯೇಕ ವರ್ಗವನ್ನು ಲೋಕಸೇವಾ ಆಯೋಗ ಒಪ್ಪಿಕೊಂಡಿದೆ. ಕಚೇರಿಯಲ್ಲಿ ಕಡತ ಓದುವವರಿಗೆ ಎರಡು ಭಾಷೆ ಬೇಕು, ಎದೆನೋವಿನ ವಿವರ ಕೇಳುವವರಿಗೆ ಒಂದು ಸಾಕು ಎಂಬ ತರ್ಕ ನಮಗೆ ಹಿಡಿಸದು.

ಯಂತ್ರವೇ ಭಾಷಾಂತರ ಮಾಡುವ ಕಾಲ ಬಂದಿದೆಯಲ್ಲ ಎಂದು ನಗುವವರಿದ್ದಾರೆ. ಬರಲಿ, ಒಳ್ಳೆಯದೇ. ಪುಸ್ತಕದ ಕನ್ನಡವನ್ನು ಯಂತ್ರ ಈಗಾಗಲೇ ತಕ್ಕಮಟ್ಟಿಗೆ ತಿರುಗಿಸುತ್ತದೆ. ಪೈವಳಿಕೆಯ ಅಜ್ಜಿಯೊಬ್ಬರು ಅರ್ಧ ತುಳು ಅರ್ಧ ಕನ್ನಡದಲ್ಲಿ, ಹಲ್ಲಿಲ್ಲದ ಬಾಯಿಂದ, ಮಳೆಯ ಸದ್ದಿನ ನಡುವೆ ಹೇಳಿದ್ದನ್ನು ಅದು ಬಿಡಿಸುವ ದಿನದವರೆಗೆ ಮನುಷ್ಯರು ಬೇಕು. ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೊಂದಿದೆ: ದೂರವೈದ್ಯ ಬಂತೆಂಬ ನೆವದಲ್ಲಿ ಸರಕಾರ ಹತ್ತಿರದ ವೈದ್ಯರ ಹುದ್ದೆಗಳನ್ನು ಖಾಲಿ ಬಿಟ್ಟೀತು ಎಂಬುದು. ಈ ಭಯ ನಿರಾಧಾರವಲ್ಲ. ಹೆರಿಗೆಯನ್ನು ಪರದೆಯಲ್ಲಿ ಮಾಡಿಸಲಾಗದು, ಹಾವು ಕಚ್ಚಿದವನಿಗೆ ಪರದೆಯಿಂದ ಚುಚ್ಚುಮದ್ದು ಬಾರದು. ಒಳ್ಳೆಯ ತರಬೇತಿಯ ಒಂದು ಲಕ್ಷಣವೇ 'ಇದು ನನ್ನಿಂದ ಇಲ್ಲಿಂದ ಆಗದು, ಕೂಡಲೇ ಆಸ್ಪತ್ರೆಗೆ ಹೋಗಿ' ಎಂದು ಸಕಾಲದಲ್ಲಿ ಹೇಳಲು ಕಲಿಸುವುದು. ಹಾಗೆ ಹೇಳಿದಾಗ ಹೋಗಲು ಹತ್ತಿರದಲ್ಲಿ ಆಸ್ಪತ್ರೆಯೂ ಅದರಲ್ಲಿ ವೈದ್ಯರೂ ಇರಬೇಕಷ್ಟೆ. ಆದ್ದರಿಂದ ಉಕ್ಕಿನಡ್ಕದ ಆಸ್ಪತ್ರೆಯ ಬೇಡಿಕೆಯನ್ನು ಒಂದಿನಿತೂ ಸಡಿಲಿಸದೆಯೇ ಈ ಮಾತನ್ನು ಆಡುತ್ತಿದ್ದೇವೆ.

ನಮ್ಮವರ ಕರ್ತವ್ಯವೂ ಒಂದಿದೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯರಲ್ಲಿ ದಾದಿಯ ಶಿಕ್ಷಣಕ್ಕೆ ಮನಸ್ಸಿರುವವರು ಹಲವರಿದ್ದರೂ, ಮುಂದಿನ ಓದು ಇಂಗ್ಲಿಷಿನಲ್ಲಿ, ಸಂದರ್ಶನ ಮಲಯಾಳದಲ್ಲಿ, ನಮ್ಮ ಮಗಳಿಗೆ ಆಗಲಿಕ್ಕಿಲ್ಲ ಎಂದು ಹೆತ್ತವರೇ ಹಿಂಜರಿಯುತ್ತಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಪುಸ್ತಕದಲ್ಲಿ ಇಂಗ್ಲಿಷ್ ಹೀಗೆ ನಾಲ್ಕು ಭಾಷೆಗಳಲ್ಲಿ ಬೆಳೆದ ಮಗುವಿಗಿಂತ ಹೆಚ್ಚು ಯೋಗ್ಯರನ್ನು ದೂರವೈದ್ಯದ ಈ ತುದಿಯ ಕುರ್ಚಿಗೆ ಯಾವ ಜಿಲ್ಲೆಯಿಂದ ತರುವುದು? ಮಲಯಾಳ ಕಲಿತರೆ ಕನ್ನಡ ಹೋದೀತೆಂಬ ಹೆದರಿಕೆಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ ಈ ಕೆಲಸದಲ್ಲಿ ಮಲಯಾಳ ಬಲ್ಲ ಕನ್ನಡತಿಯೇ ಕನ್ನಡದ ಅಜ್ಜಿಗೆ ಆಸರೆ.

2025ರಲ್ಲಿ ಸೇರಿದ 50 ಮಂದಿ ನಾಲ್ಕೂವರೆ ವರ್ಷದ ಪಾಠವನ್ನೂ ಒಂದು ವರ್ಷದ ಕಡ್ಡಾಯ ಸೇವೆಯನ್ನೂ ಮುಗಿಸಿ ವೈದ್ಯರಾಗಿ ಹೊರಬರುವಾಗ 2031 ಆಗಿರುತ್ತದೆ. ಕೈಪಿಡಿಗೂ ಪಾಠಕ್ಕೂ ಇರುವ ಕಾಲಾವಕಾಶ ಅಷ್ಟೇ. ಪಂಚಾಯತು ಸದಸ್ಯರು, ಅಧ್ಯಾಪಕ ಸಂಘಟನೆಗಳು, ಊರಿನ ಯುವಕ ಮಂಡಲಗಳು ವೈದ್ಯಕೀಯ ಕಾಲೇಜಿನ ಪ್ರಾಂಶುಪಾಲರಿಗೂ ಆರೋಗ್ಯ ಇಲಾಖೆಗೂ ಈ ಕುರಿತು ಒಂದೊಂದು ಮನವಿ ಕಳುಹಿಸಬೇಕೆಂದು ಸೂಚಿಸುತ್ತೇವೆ. ಮನವಿ ಕನ್ನಡದಲ್ಲಿಯೇ ಇರಲಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದೂ, ಉತ್ತರವೂ ಅದೇ ಭಾಷೆಯಲ್ಲಿ ಬರತಕ್ಕದ್ದೆಂದೂ ಕೇರಳದ 1969ರ ಅಧಿಕೃತ ಭಾಷಾ ಕಾನೂನು ಹೇಳುತ್ತದೆ. ಬಂದ ಉತ್ತರದ ಒಂದು ಪ್ರತಿಯನ್ನು ಈ ಪತ್ರಿಕೆಗೂ ಕಳುಹಿಸಿಕೊಟ್ಟರೆ ಉಪಕಾರವಾದೀತು.